ಲಡಾಖ್ ಗಡಿಯ ಬೆಳಕಿನ ಗೋಳಗಳು: 2012–13ರ ಸೇನಾ ತನಿಖೆ

2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಪೂರ್ವ ಲಡಾಖ್‌ನ ಪ್ಯಾಂಗಾಂಗ್ ಸರೋವರದ ಸುತ್ತಲಿನ ಗಡಿ ಠಾಣೆಗಳಲ್ಲಿ ಪಹರೆಯಲ್ಲಿದ್ದ ಭಾರತೀಯ ಯೋಧರು ರಾತ್ರಿ ಆಕಾಶದಲ್ಲಿ ಕಂಡು ದಾಖಲಿಸಿದ, ಆಗ ಗುರುತು ಸಿಗದಿದ್ದ ಬೆಳಕುಗಳಿಗೆ ಈ ಹೆಸರು. ಸೇನೆ ಇಂಥ 329 ದರ್ಶನಗಳನ್ನು ಬರೆದಿಟ್ಟಿತು. ಅವುಗಳಲ್ಲಿ 155 ಸಲ ಬೆಳಕು ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿ ಭಾರತದ ಕಡೆಗೆ ಬಂದಿತೆಂದು ಲೆಕ್ಕ ಹಾಕಲಾಯಿತು. ಚೀನಾದ ಬೇಹುಗಾರಿಕಾ ಡ್ರೋನ್‌ಗಳಿರಬಹುದೆಂಬ ಶಂಕೆಯಿಂದ ಆರಂಭವಾದ ತನಿಖೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಖಗೋಳಜ್ಞರ ಬಳಿಗೆ ಬಂದು ಮುಗಿಯಿತು. ಅವರು ಆ ಬೆಳಕುಗಳನ್ನು ಗುರು ಮತ್ತು ಶುಕ್ರ ಗ್ರಹಗಳೆಂದು ಗುರುತಿಸಿದರು. ಆಕಾಶದ ಬೆಳಕುಗಳ ಬಗ್ಗೆ ಸೇನೆಗಳು ನಡೆಸಿದ ತನಿಖೆಗಳ ಇತಿಹಾಸದಲ್ಲಿ ಇಷ್ಟು ಸ್ಪಷ್ಟ ಉತ್ತರ ಸಿಕ್ಕ ಪ್ರಕರಣಗಳು ಕಡಿಮೆ.

ಸ್ಥಳ ಮತ್ತು ಸಂದರ್ಭ

ಪ್ಯಾಂಗಾಂಗ್ ಸಮುದ್ರಮಟ್ಟದಿಂದ 4,200 ಮೀಟರಿಗೂ ಮೇಲಿರುವ, ಪೂರ್ವ–ಪಶ್ಚಿಮವಾಗಿ ನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚಾಚಿದ ಉಪ್ಪುನೀರಿನ ಸರೋವರ. ಅದರ ಪಶ್ಚಿಮ ತುದಿ ಭಾರತದ ಕಡೆಗಿದೆ. ಪೂರ್ವದ ದೊಡ್ಡ ಭಾಗ ಚೀನಾದ ಹಿಡಿತದಲ್ಲಿದೆ. ನಡುವೆ ಹಾದುಹೋಗುವ ವಾಸ್ತವ ನಿಯಂತ್ರಣ ರೇಖೆಗೆ ಬೇಲಿಯೂ ಇಲ್ಲ, ಎರಡೂ ದೇಶ ಒಪ್ಪಿದ ನಕ್ಷೆಯೂ ಇಲ್ಲ. ಇಲ್ಲಿ ನಿಂತ ಪಹರೆಯವನು ಪೂರ್ವಕ್ಕೆ ಮುಖ ಮಾಡಿದರೆ ಎದುರಿಗಿರುವುದು ಎದುರಾಳಿಯ ನೆಲ. ಅವನ ಕೆಲಸವೇ ಆ ದಿಕ್ಕನ್ನು ಎವೆಯಿಕ್ಕದೆ ನೋಡುವುದು. ಈ ಪ್ರಕರಣದ ಬಹುಪಾಲು ಈ ಒಂದು ಸಂಗತಿಯಲ್ಲೇ ಅಡಗಿದೆ: ಸೂರ್ಯ, ಚಂದ್ರ, ಗ್ರಹ, ನಕ್ಷತ್ರ ಎಲ್ಲವೂ ಮೂಡುವುದು ಪೂರ್ವದಲ್ಲಿ.

ಆ ವರ್ಷಗಳಲ್ಲಿ ಗಡಿಯಲ್ಲಿ ಬಿಗುವಿತ್ತು. ಡ್ರೋನ್‌ಗಳ ಬಳಕೆ ಹೆಚ್ಚುತ್ತಿತ್ತು. 2013ರ ಏಪ್ರಿಲ್‌ನಲ್ಲಿ ಇದೇ ಲಡಾಖ್‌ನ ದೆಪ್ಸಾಂಗ್ ಬಯಲಿನಲ್ಲಿ ಚೀನಾದ ಸೈನಿಕರು ಡೇರೆ ಹಾಕಿ ಸುಮಾರು ಮೂರು ವಾರ ಕೂತರು. ಹೀಗಿರುವಾಗ ದಿಗಂತದಲ್ಲಿ ಮೇಲೇಳುವ ಪ್ರತಿಯೊಂದು ದೀಪವನ್ನೂ ಅನುಮಾನದಿಂದ ನೋಡುವುದು ಯೋಧನ ಕರ್ತವ್ಯ. ಉತ್ತರ ಗೊತ್ತಾದ ಮೇಲೆ ಕೆಲವರು ಈ ಪ್ರಕರಣವನ್ನು ನಗೆಪಾಟಲು ಮಾಡಿದರು. ಅದು ಅನ್ಯಾಯ. ಕಂಡದ್ದನ್ನು ಮುಚ್ಚಿಡದೆ, ತಿಂಗಳುಗಟ್ಟಲೆ ಕೊರೆಯುವ ಚಳಿಯಲ್ಲಿ ನಿಂತು ಬರೆದಿಟ್ಟ ಆ ಯೋಧರ ದಾಖಲೆ ಇಲ್ಲದೆ ಹೋಗಿದ್ದರೆ ಉತ್ತರವೇ ಸಿಗುತ್ತಿರಲಿಲ್ಲ.

ತನಿಖೆಯ ಹಾದಿ

ಮೊದಲ ವರದಿಗಳು ಕಳಿಸಿದವರಲ್ಲಿ ಸರೋವರದ ದಕ್ಷಿಣ ದಂಡೆಯ ಥಾಕುಂಗ್‌ನಲ್ಲಿದ್ದ ಇಂಡೋ–ಟಿಬೆಟನ್ ಗಡಿ ಪೊಲೀಸ್ ಪಡೆಯವರೂ ಇದ್ದರು. ಹಳದಿ ಬಣ್ಣದ ಗೋಳವೊಂದು ಚೀನಾದ ಕಡೆಯ ದಿಗಂತದಿಂದ ಮೇಲೇಳುತ್ತದೆ, ಮೂರರಿಂದ ಐದು ಗಂಟೆ ಕಾಲ ನಿಧಾನವಾಗಿ ಆಕಾಶದಲ್ಲಿ ಸಾಗುತ್ತದೆ, ಆಮೇಲೆ ಕಾಣೆಯಾಗುತ್ತದೆ. ಠಾಣೆಗಳಿಂದ ಬಂದ ವಿವರಣೆಯ ಸಾರ ಇಷ್ಟು. ಲೇಹ್‌ನಲ್ಲಿ ಕೇಂದ್ರ ಕಚೇರಿಯಿರುವ ಸೇನೆಯ 14ನೇ ಕೋರ್ ಈ ವರದಿಗಳನ್ನು ದೆಹಲಿಗೆ ಕಳಿಸಿತು. ಆಗಸ್ಟ್ ಮೊದಲ ದಿನದಿಂದ ಅಕ್ಟೋಬರ್ ನಡುವಿನವರೆಗೆ ನೂರಕ್ಕೂ ಹೆಚ್ಚು ದರ್ಶನಗಳಾಗಿದ್ದವೆಂಬ ಸುದ್ದಿ ನವೆಂಬರ್‌ನಲ್ಲಿ ಪತ್ರಿಕೆಗಳಿಗೆ ಬಂದಾಗ ದೇಶವೆಲ್ಲ ಹಾರುವ ತಟ್ಟೆಗಳ ಮಾತಾಡಿತು.

ಸೇನೆ ಮೊದಲು ತನ್ನ ಕೈಯಲ್ಲಿದ್ದ ಸಲಕರಣೆಗಳನ್ನು ಹೂಡಿತು. ಪತ್ರಿಕಾ ವರದಿಗಳ ಪ್ರಕಾರ, ಸರೋವರದ ಬಳಿಯ ಬೆಟ್ಟದ ನೆತ್ತಿಗೆ ಸಂಚಾರಿ ರಡಾರ್ ಒಂದನ್ನು ಸಾಗಿಸಲಾಯಿತು. ಅದರ ಜೊತೆಗೆ ರೇಡಿಯೋ ತರಂಗಗಳನ್ನು ಅಳೆಯುವ ಸ್ಪೆಕ್ಟ್ರಮ್ ಅನಲೈಸರ್ ಕೂಡ ಹೋಯಿತು. ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿದ್ದ ಗೋಳ ರಡಾರ್ ಪರದೆಯ ಮೇಲೆ ಮೂಡಲಿಲ್ಲ. ಅದರಿಂದ ಯಾವ ರೇಡಿಯೋ ಸಂಕೇತವೂ ಹೊರಡುತ್ತಿರಲಿಲ್ಲ. ಬೆಳಕಿನತ್ತ ಒಂದು ಡ್ರೋನನ್ನೂ ಹಾರಿಸಿ ನೋಡಿದರು. ಅದು ತನ್ನ ಗರಿಷ್ಠ ಎತ್ತರ ಮುಟ್ಟಿತು, ಗೋಳ ಕೈಗೆಟುಕಲಿಲ್ಲ.

ಈ ಮೂರು ಸೋಲುಗಳನ್ನು ಆಗ ರಹಸ್ಯ ಹೆಚ್ಚಿಸುವ ಸಾಕ್ಷಿಗಳಾಗಿ ಓದಲಾಯಿತು. ರಡಾರ್‌ಗೆ ಸಿಗದಿದ್ದರೆ ಅದು ಲೋಹದ್ದಲ್ಲ, ಹಾಗಾದರೆ ಇನ್ನೇನು ಎಂದು ಊಹೆಗಳು ಬೆಳೆದವು. ಇಂದು ನೋಡಿದರೆ ಮೂರೂ ಒಂದೇ ಕಡೆ ಬೆರಳು ತೋರುತ್ತವೆ. 2012ರ ಆಗಸ್ಟ್ ನಡುವಿನಲ್ಲಿ ಶುಕ್ರ ನಮ್ಮಿಂದ ಸುಮಾರು ಹತ್ತು ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಅಲ್ಲಿಗೆ ರೇಡಿಯೋ ತರಂಗ ಹೋಗಿ ಮರಳಲು ಹನ್ನೊಂದು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಗಡಿಯಾಚೆಯ ವಿಮಾನ ಹುಡುಕಲು ಮಾಡಿದ ರಡಾರ್ ಅಷ್ಟು ಹೊತ್ತು ಕಾಯುವುದೂ ಇಲ್ಲ, ಅಷ್ಟು ದೂರದ ಪ್ರತಿಧ್ವನಿಯನ್ನು ಹಿಡಿಯುವ ಶಕ್ತಿ ಅದಕ್ಕೆ ಇರುವುದೂ ಇಲ್ಲ. ಸಂಕೇತ ಕಳಿಸದ, ರಡಾರ್‌ಗೆ ಸಿಗದ, ಎಷ್ಟು ಮೇಲೇರಿದರೂ ಹತ್ತಿರವಾಗದ ಬೆಳಕು ಎಂದರೆ ಬಹಳ ದೂರದ ಬೆಳಕು.

ರಕ್ಷಣಾ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆ ಹಾಗೂ ರಾಷ್ಟ್ರೀಯ ತಾಂತ್ರಿಕ ಸಂಶೋಧನಾ ಸಂಸ್ಥೆಗಳಿಗೂ ಬೆಳಕಿನ ಮೂಲ ಬಿಡಿಸಲಾಗಲಿಲ್ಲ ಎಂದು ವರದಿಯಾಯಿತು. ಲಡಾಖ್‌ನಲ್ಲೇ ಇರುವ ಹಾನ್ಲೆ ವೀಕ್ಷಣಾಲಯದ ಖಗೋಳಜ್ಞರು ಮೂರು ದಿನ ನೋಡಿ, ಇವು ಆಕಾಶಕಾಯಗಳಲ್ಲವೆಂದು ಹೇಳಿದರೆಂಬ ಸುದ್ದಿಯೂ ಆ ನವೆಂಬರ್‌ನಲ್ಲಿ ಹರಡಿತು. ಮುಂದಿನ ವರ್ಷ ಬಂದ ಅಂತಿಮ ಉತ್ತರ ಅದಕ್ಕೆ ನೇರ ವಿರುದ್ಧ. ಆಗಿನ ರಕ್ಷಣಾ ಸಚಿವ ಎ. ಕೆ. ಆಂಟನಿ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ, ಗಡಿಯಲ್ಲಿ ಹಾರುವ ಅಪರಿಚಿತ ವಸ್ತುಗಳು ಕಂಡವೆಂಬುದಕ್ಕೆ ನಿರ್ಣಾಯಕ ಪುರಾವೆ ಇಲ್ಲ ಎಂದಷ್ಟೇ ಹೇಳಿದರು. ಉತ್ತರ ಇನ್ನೂ ಕೈಗೆ ಬಂದಿರದ ಹೊತ್ತಿಗೆ ಅದು ಸರಿಯಾದ ಮಾತು.

ಗುರು ಮತ್ತು ಶುಕ್ರ

ಖಭೌತ ವಿಜ್ಞಾನ ಸಂಸ್ಥೆ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ. ಆದರೆ ಅದರ ಅತಿ ಎತ್ತರದ ಕಣ್ಣು ಲಡಾಖ್‌ನಲ್ಲೇ ಇದೆ. ಪ್ಯಾಂಗಾಂಗ್‌ನ ದಕ್ಷಿಣಕ್ಕೆ, ಹಾನ್ಲೆಯ ಬಳಿ ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ ಸಂಸ್ಥೆಯ ಭಾರತೀಯ ಖಗೋಳ ವೀಕ್ಷಣಾಲಯವಿದೆ. ಅಲ್ಲಿನ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿನ ಹೊರವಲಯದ ಹೊಸಕೋಟೆಯಿಂದ ನಡೆಸುತ್ತಾರೆ. ಹೊಸಕೋಟೆಯಲ್ಲಿ ಕೂತವರು ರಾತ್ರಿಯಿಡೀ ಲಡಾಖ್‌ನ ಆಕಾಶ ನೋಡುವ ವ್ಯವಸ್ಥೆ ಈ ಶತಮಾನದ ಆರಂಭದಿಂದ ನಡೆದಿದೆ. ಲಡಾಖ್‌ನ ಆಕಾಶದ ವಿಷಯದಲ್ಲಿ ಸೇನೆ ಬೆಂಗಳೂರಿನವರನ್ನು ಕೇಳಿದ್ದು ಆದ್ದರಿಂದ ಸಹಜ.

ಸಂಸ್ಥೆಯ ಖಗೋಳಜ್ಞ ತುಷಾರ್ ಪ್ರಭು 2013ರ ಜುಲೈನಲ್ಲಿ ಪತ್ರಿಕೆಗಳಿಗೆ ತಿಳಿಸಿದಂತೆ, ಅವರ ಮುಂದಿದ್ದ ಪ್ರಶ್ನೆ ಒಂದೇ: ಈ ಬೆಳಕು ಭೂಮಿಯದೋ, ಆಕಾಶದ್ದೋ? ಇದಕ್ಕೆ ಬೇಕಾದದ್ದು ಬೆಳಕಿನ ಚಲನೆಯನ್ನು ಸುತ್ತಲಿನ ನಕ್ಷತ್ರಗಳ ಜೊತೆ ಹೋಲಿಸಿದ ದಾಖಲೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ದಿಕ್ಕಿನಲ್ಲಿ, ದಿಗಂತದಿಂದ ಎಷ್ಟು ಎತ್ತರದಲ್ಲಿ, ಯಾವ ನಕ್ಷತ್ರದ ಪಕ್ಕ ಎಂಬ ವಿವರ ಸೇನೆಯಿಂದ ಸಿಕ್ಕ ಮೇಲೆ ಗ್ರಹಗಳನ್ನು ಗುರುತಿಸುವುದು ಕಷ್ಟವಾಗಲಿಲ್ಲ.

ಗ್ರಹಸ್ಥಿತಿಯನ್ನು ಆಸಕ್ತಿಯಿರುವ ಯಾರೂ ಲೆಕ್ಕ ಹಾಕಿ ತಾಳೆ ನೋಡಬಹುದು. 2012ರ ಜೂನ್ 6ರಂದು ಶುಕ್ರ ಸೂರ್ಯಬಿಂಬದ ಮೇಲೆ ಹಾದುಹೋದ ಸಂಕ್ರಮಣವನ್ನು ಕರ್ನಾಟಕದ ಶಾಲಾ ಮಕ್ಕಳು ಕೂಡ ಕಪ್ಪು ಗಾಜು ಹಿಡಿದು ನೋಡಿದ್ದರು. ಅದಾದ ಮೇಲೆ ಶುಕ್ರ ಬೆಳಗಿನ ಆಕಾಶಕ್ಕೆ ಸರಿಯಿತು. ಆಗಸ್ಟ್ 15ರಂದು ಅದು ಸೂರ್ಯನಿಂದ ಅತಿ ಹೆಚ್ಚು ದೂರ ಕಾಣುವ ಸ್ಥಾನ ತಲುಪಿತು. ಆ ದಿನಗಳಲ್ಲಿ ಸೂರ್ಯೋದಯಕ್ಕೆ ಮೂರು ಗಂಟೆಗೂ ಮೊದಲೇ ಶುಕ್ರ ಪೂರ್ವದಲ್ಲಿ ಮೂಡುತ್ತಿತ್ತು, ಬೆಳಕು ಹರಿದಾಗ ಮಾಯವಾಗುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಬೆಳ್ಳಿ ಮೂಡುವ ಹೊತ್ತು ಎನ್ನುತ್ತಿದ್ದರಲ್ಲ, ಅದೇ ಬೆಳ್ಳಿ. ಅದನ್ನು ನೋಡಿ ಎದ್ದು ಏತ ಹೊಡೆಯುವ, ಬಂಡಿ ಕಟ್ಟುವ ತಲೆಮಾರು ಈಗ ಕಡಿಮೆಯಾಗಿದೆ.

ಗುರು ಗ್ರಹ ಆಗ ವೃಷಭ ರಾಶಿಯಲ್ಲಿ, ರೋಹಿಣಿ ನಕ್ಷತ್ರದ ಆಸುಪಾಸಿನಲ್ಲಿತ್ತು. ಆಗಸ್ಟ್ ನಡುವಿನಲ್ಲಿ ನಡುರಾತ್ರಿಯ ಹೊತ್ತಿಗೆ ಮೂಡುತ್ತಿದ್ದ ಗುರು, ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚಿತವಾಗುತ್ತ ಅಕ್ಟೋಬರ್‌ನಲ್ಲಿ ರಾತ್ರಿಯೂಟದ ಹೊತ್ತಿಗೆ ಬಂತು. ಡಿಸೆಂಬರ್ ಮೊದಲ ವಾರದಲ್ಲಿ ಸೂರ್ಯ ಮುಳುಗುತ್ತಿದ್ದಂತೆಯೇ ಎದುರು ದಿಕ್ಕಿನಲ್ಲಿ ಮೂಡಿ, ವರ್ಷದಲ್ಲೇ ಅತಿ ಪ್ರಕಾಶಮಾನವಾಗಿ ರಾತ್ರಿಯಿಡೀ ಬೆಳಗಿತು. ಫೆಬ್ರವರಿಯ ಹೊತ್ತಿಗೆ ಶುಕ್ರ ಸೂರ್ಯನ ಪ್ರಭೆಯೊಳಗೆ ಅಡಗುತ್ತ ಬಂತು, ಗುರು ಸಂಜೆಯೇ ನೆತ್ತಿಯ ಮೇಲಿರುತ್ತಿತ್ತು. ಪೂರ್ವ ದಿಗಂತದಿಂದ ಹೊಳೆಯುತ್ತ ಮೇಲೇಳುವ ಗ್ರಹ ಆಗ ಇಲ್ಲವಾಯಿತು. ಸೇನೆಯ ದಾಖಲೆಯೂ ಅಲ್ಲಿಗೇ ನಿಲ್ಲುತ್ತದೆ. ಈ ತಾಳೆ ಆಕಸ್ಮಿಕವೆಂದು ನಂಬುವುದು ಕಷ್ಟ. ಡ್ರೋನ್ ಹಾರಿಸುವ ಸೇನೆ ಯಾವುದೂ ದಿನಕ್ಕೆ ನಾಲ್ಕು ನಿಮಿಷದ ಲೆಕ್ಕ ಹಿಡಿದು ಕೂರುವುದಿಲ್ಲ.

155 ಸಲದ ಗಡಿ ಉಲ್ಲಂಘನೆಯೂ ಹೀಗೇ ಬಿಡಿಸಿಕೊಳ್ಳುತ್ತದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಆಕಾಶವೆಲ್ಲ ಗಂಟೆಗೆ ಹದಿನೈದು ಡಿಗ್ರಿಯಂತೆ ಪಶ್ಚಿಮಕ್ಕೆ ಸರಿದಂತೆ ಕಾಣುತ್ತದೆ. ತೋಳು ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ, ಅಂದರೆ ನಲವತ್ತು ನಿಮಿಷಕ್ಕೆ ಒಂದು ಮುಷ್ಟಿ. ಮೂರರಿಂದ ಐದು ಗಂಟೆ ನೋಡಿದರೆ ಗ್ರಹ ಚೀನಾದ ಬೆಟ್ಟಗಳ ಮೇಲಿಂದ ಎದ್ದು ಠಾಣೆಯ ತಲೆಯ ಮೇಲಕ್ಕೇ ಬಂದಿರುತ್ತದೆ. ಗಡಿಯನ್ನು ಪೂರ್ವಕ್ಕಿಟ್ಟುಕೊಂಡ ಯಾವ ದೇಶಕ್ಕಾದರೂ ಎಲ್ಲ ಗ್ರಹಗಳೂ ಎದುರಾಳಿಯ ಕಡೆಯಿಂದಲೇ ಬರುತ್ತವೆ.

ಕಣ್ಣು ಮತ್ತು ಗಾಳಿ

ಬಾಲ್ಯದಿಂದ ಕಂಡ ಶುಕ್ರನನ್ನು ಯೋಧರು ಗುರುತಿಸದೆ ಹೋದದ್ದು ಹೇಗೆ? ಇಲ್ಲಿ ಎತ್ತರದ ಪಾತ್ರ ದೊಡ್ಡದು. 4,300 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 60ರಷ್ಟು ಮಾತ್ರ. ತೇವ, ದೂಳು ಬಹಳ ಕಡಿಮೆ. ಬಯಲುಸೀಮೆಯಲ್ಲಿ ದಿಗಂತದ ಬಳಿಯ ಗ್ರಹ ಮಂಜು, ಹೊಗೆಯಲ್ಲಿ ಮಸುಕಾಗಿ ಕಂಡು ಮೇಲೇರಿದಂತೆ ಹೊಳಪು ಪಡೆಯುತ್ತದೆ. ಲಡಾಖ್‌ನಲ್ಲಿ ಬೆಟ್ಟದ ಅಂಚು ದಾಟಿದೊಡನೆ ಗ್ರಹ ದೀಪ ಹಚ್ಚಿದಂತೆ ಫಕ್ಕನೆ ಪೂರ್ಣ ಪ್ರಭೆಯಲ್ಲಿ ಎದುರಾಗುತ್ತದೆ. ಬಯಲಿನ ಊರುಗಳಿಂದ ಬಂದ ಯೋಧನಿಗೆ ಆ ಹೊಳಪು ಹೊಸದು. ಇದರ ಜೊತೆಗೆ ಡ್ರೋನ್‌ಗಳ ಓಡಾಟ ಹೆಚ್ಚಿದ್ದೂ ಗೊಂದಲಕ್ಕೆ ಕಾರಣವೆಂದು ಖಗೋಳಜ್ಞರು ಹೇಳಿದರು.

ಇನ್ನೊಂದು ಕಾರಣ ಕಣ್ಣಿಗೆ ಸಂಬಂಧಿಸಿದ್ದು. ಕಗ್ಗತ್ತಲಲ್ಲಿ ಒಂಟಿ ದೀಪವನ್ನೇ ದಿಟ್ಟಿಸಿದರೆ ಅದು ಅತ್ತಿತ್ತ ತೇಲಿದಂತೆ ಕಾಣತೊಡಗುತ್ತದೆ. ಹೋಲಿಸಿ ನೋಡಲು ಪಕ್ಕದಲ್ಲಿ ಬೇರೇನೂ ಇಲ್ಲದಿದ್ದಾಗ ಕಣ್ಣಿನ ಸಣ್ಣ ಅಲುಗಾಟವನ್ನು ಮಿದುಳು ದೀಪದ ಚಲನೆಯೆಂದು ಬಗೆಯುತ್ತದೆ. ಅಲೆಕ್ಸಾಂಡರ್ ಫಾನ್ ಹಂಬೋಲ್ಟ್‌ನಂಥ ನುರಿತ ವೀಕ್ಷಕ 1799ರಲ್ಲಿ ಟೆನೆರೀಫ್ ದ್ವೀಪದ ಪರ್ವತದ ಮೇಲೆ ನಕ್ಷತ್ರಗಳು ತೂಗಾಡುವುದನ್ನು ಕಂಡು, ಅದು ನಿಜವಾದ ಚಲನೆಯೆಂದೇ ನಂಬಿದ್ದ. ನಕ್ಷತ್ರಗಳ ಜೊತೆ ಹೋಲಿಸಿ ಬರೆದಿಡುವುದು ಮುಖ್ಯವಾಗುವುದು ಇದರಿಂದಲೇ.

ಇತರ ದೇಶಗಳ ಸೇನಾ ತನಿಖೆಗಳು

ಇಂಥ ತನಿಖೆಯನ್ನು ಶಾಶ್ವತ ವ್ಯವಸ್ಥೆಯಾಗಿ ಮೊದಲು ಕಟ್ಟಿದ್ದು ಅಮೆರಿಕದ ವಾಯುಪಡೆ. 1948ರಲ್ಲಿ ‘ಸೈನ್’, 1949ರಲ್ಲಿ ‘ಗ್ರಜ್’, 1952ರಿಂದ ‘ಬ್ಲೂ ಬುಕ್’ ಎಂಬ ಹೆಸರುಗಳಲ್ಲಿ ಓಹಾಯೋದ ಡೇಟನ್ ಬಳಿಯ ರೈಟ್–ಪ್ಯಾಟರ್ಸನ್ ನೆಲೆಯಿಂದ ಅದು ನಡೆಯಿತು. 1969ರಲ್ಲಿ ಮುಚ್ಚುವ ಹೊತ್ತಿಗೆ 12,618 ವರದಿಗಳು ಸೇರಿದ್ದವು. ಅವುಗಳಲ್ಲಿ 701ಕ್ಕೆ ವಿವರಣೆ ಸಿಕ್ಕಿರಲಿಲ್ಲ. ಈ 701ನ್ನು ಅನ್ಯಗ್ರಹ ನೌಕೆಗಳ ಸಂಖ್ಯೆಯೆಂಬಂತೆ ಉಲ್ಲೇಖಿಸುವವರಿದ್ದಾರೆ. ವಿವರಣೆ ಸಿಗದಿರುವುದಕ್ಕೆ ಸಾಮಾನ್ಯ ಕಾರಣ ಮಾಹಿತಿಯ ಕೊರತೆ ಎಂಬುದನ್ನು ಅವರು ಮರೆಯುತ್ತಾರೆ.

ಶುಕ್ರನ ಹೆಸರು ಹೇಳಿ ಕೈ ತೊಳೆದುಕೊಂಡ ತಪ್ಪು ಕೂಡ ಆ ಇತಿಹಾಸದಲ್ಲಿದೆ. 1948ರ ಜನವರಿ 7ರಂದು ಕೆಂಟಕಿಯಲ್ಲಿ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಹೊಳೆಯುವ ವಸ್ತುವೊಂದನ್ನು ಬೆನ್ನಟ್ಟಿ, ಆಮ್ಲಜನಕದ ವ್ಯವಸ್ಥೆಯಿಲ್ಲದ ಮಸ್ಟ್ಯಾಂಗ್ ವಿಮಾನದಲ್ಲಿ ಮೇಲಕ್ಕೇರುತ್ತ ಹೋಗಿ, ವಿಮಾನ ನೆಲಕ್ಕಪ್ಪಳಿಸಿ ಸತ್ತ. ಅವನು ಕಂಡದ್ದು ಶುಕ್ರ ಎಂದರು. ಹಗಲು ಹೊತ್ತಿನಲ್ಲಿ ಶುಕ್ರ ಹಾಗೆ ಕಣ್ಣಿಗೆ ಹೊಡೆಯುವುದಿಲ್ಲ. ಅದು ನೌಕಾಪಡೆ ಗುಟ್ಟಾಗಿ ಹಾರಿಸುತ್ತಿದ್ದ ಸ್ಕೈಹುಕ್ ಎಂಬ ಬೃಹತ್ ಬಲೂನು ಎಂಬ ವಿವರಣೆ ಆಮೇಲೆ ಬಂತು, ಈಗ ಹೆಚ್ಚಿನವರು ಒಪ್ಪುವುದು ಅದನ್ನೇ. ಲಡಾಖ್‌ನ ಉತ್ತರ ನಂಬಲರ್ಹವಾಗುವುದು ‘ಶುಕ್ರ’ ಎಂಬ ಪದದಿಂದಲ್ಲ, ಅದರ ಹಿಂದಿರುವ ದಿನಾಂಕ, ಗಂಟೆ, ದಿಕ್ಕುಗಳಿಂದ.

ಇಂಗ್ಲೆಂಡಿನ ರೆಂಡಲ್‌ಶಾಮ್ ಕಾಡಿನಲ್ಲಿ 1980ರ ಡಿಸೆಂಬರ್ ಕೊನೆಯ ವಾರ, ಪಕ್ಕದ ವಾಯುನೆಲೆಗಳಲ್ಲಿದ್ದ ಅಮೆರಿಕನ್ ಸೈನಿಕರು ಬೆಳಕು ಕಂಡು ಹುಡುಕಿ ಹೊರಟರು. ಎರಡನೆಯ ಬಾರಿಯ ಶೋಧಕ್ಕೆ ನೆಲೆಯ ಉಪಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಚಾರ್ಲ್ಸ್ ಹಾಲ್ಟ್ ಜೇಬಿನ ಟೇಪ್ ರೆಕಾರ್ಡರ್ ಒಯ್ದ. ಆ ಧ್ವನಿಮುದ್ರಣವೇ ಕೊನೆಗೆ ಉಪಯೋಗಕ್ಕೆ ಬಂತು. ಮರಗಳ ನಡುವೆ ಮಿನುಗುವ ಬೆಳಕಿನ ಬಗ್ಗೆ ಅವರು ಆಡಿದ ಮಾತುಗಳ ನಡುವಿನ ಅಂತರ ಅಳೆದರೆ ಐದು ಸೆಕೆಂಡು. ಅದೇ ದಿಕ್ಕಿನಲ್ಲಿದ್ದ ಆರ್‌ಫರ್ಡ್‌ನೆಸ್ ದೀಪಸ್ತಂಭ ಮಿನುಗುತ್ತಿದ್ದುದೂ ಐದು ಸೆಕೆಂಡಿಗೊಮ್ಮೆ. ಹಾಲ್ಟ್ ಈ ವಿವರಣೆಯನ್ನು ಒಪ್ಪಿಲ್ಲ.

1997ರ ಮಾರ್ಚ್ 13ರ ರಾತ್ರಿ ಹತ್ತರ ಸುಮಾರಿಗೆ ಅರಿಜೋನಾದ ಫೀನಿಕ್ಸ್ ನಗರದವರು ಕಂಡ ಸಾಲುದೀಪಗಳು ಯುದ್ಧಾಭ್ಯಾಸದಲ್ಲಿದ್ದ ಎ–10 ವಿಮಾನಗಳು ಪ್ಯಾರಾಚೂಟ್ ಕಟ್ಟಿ ಉದುರಿಸಿದ ಬೆಳಕಿನ ಬಾಣಗಳು. ಅವು ಒಂದೊಂದಾಗಿ ಆರಿದ್ದು ಬೆಟ್ಟದ ಹಿಂದೆ ಇಳಿದದ್ದರಿಂದ. 2004ರ ಮಾರ್ಚ್‌ನಲ್ಲಿ ಮೆಕ್ಸಿಕೋ ವಾಯುಪಡೆಯ ವಿಮಾನವೊಂದು ಕಾಂಪೇಚೆ ರಾಜ್ಯದ ಮೇಲೆ ಅವಗೆಂಪು ಕ್ಯಾಮೆರಾದಲ್ಲಿ ಹನ್ನೊಂದು ಬೆಳಕುಗಳನ್ನು ಸೆರೆಹಿಡಿದಾಗ ಸೇನೆಯೇ ಆ ಚಿತ್ರವನ್ನು ಲೋಕಕ್ಕೆ ತೋರಿಸಿತು. ದಿಕ್ಕು ಹಿಡಿದು ನಕ್ಷೆಯಲ್ಲಿ ಗೆರೆ ಎಳೆದವರಿಗೆ ಸಿಕ್ಕದ್ದು ಕೊಲ್ಲಿಯ ಕಾಂತಾರೆಲ್ ತೈಲಬಾವಿಗಳ ಮೇಲೆ ಉರಿಯುತ್ತಿದ್ದ ಅನಿಲದ ಜ್ವಾಲೆಗಳು. ಇಂಥ ಬೆಳಕುಗಳನ್ನು ಬೆನ್ನಟ್ಟಲು ಬೆಲ್ಜಿಯಂ 1990ರ ಮಾರ್ಚ್‌ನಲ್ಲಿ ಎಫ್–16 ವಿಮಾನಗಳನ್ನೇ ಏರಿಸಿತು. ಅಲ್ಲಿನ ಆ ದರ್ಶನಗಳ ಅತಿ ಪ್ರಸಿದ್ಧ ಛಾಯಾಚಿತ್ರ ತನ್ನದೇ ಕೈಚಳಕವೆಂದು ತೆಗೆದವನು 2011ರಲ್ಲಿ ಒಪ್ಪಿಕೊಂಡ.

ಫ್ರಾನ್ಸ್ ಈ ಕೆಲಸವನ್ನು 1977ರಿಂದ ಸೇನೆಯ ಬದಲು ತನ್ನ ಬಾಹ್ಯಾಕಾಶ ಸಂಸ್ಥೆಗೆ ವಹಿಸಿದೆ. ಬ್ರಿಟನ್ 2009ರಲ್ಲಿ ತನ್ನ ವಿಭಾಗವನ್ನು ಮುಚ್ಚಿತು. ಅಮೆರಿಕ 2022ರಲ್ಲಿ ಹೊಸ ಕಚೇರಿ ತೆರೆಯಿತು. ಹಿಂದಿನ ದಶಕಗಳ ದಾಖಲೆಗಳನ್ನು ಪರಿಶೀಲಿಸಿದ ಆ ಕಚೇರಿ, ಅನ್ಯಗ್ರಹದ ತಂತ್ರಜ್ಞಾನಕ್ಕೆ ಪುರಾವೆ ಸಿಕ್ಕಿಲ್ಲವೆಂದು 2024ರ ಮಾರ್ಚ್‌ನಲ್ಲಿ ವರದಿ ಮಾಡಿತು.

ಭಾರತದಲ್ಲಿ ನಂತರ

ಭಾರತದಲ್ಲಿ ಸೇನೆಯನ್ನು ಕದಲಿಸಿದ ಇನ್ನೊಂದು ಪ್ರಕರಣ 2023ರ ನವೆಂಬರ್ 19ರದು. ಇಂಫಾಲ್ ವಿಮಾನ ನಿಲ್ದಾಣದ ಬಳಿ ಹಗಲಿನಲ್ಲೇ ವಸ್ತುವೊಂದು ಕಂಡಿತೆಂದು ವಿಮಾನ ಸಂಚಾರ ನಿಲ್ಲಿಸಲಾಯಿತು. ವಾಯುಪಡೆ ತನ್ನ ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸಿ ಹುಡುಕಿತು, ವಸ್ತು ಮತ್ತೆ ಕಾಣಲಿಲ್ಲ. 2019ರಿಂದ ಸ್ಟಾರ್‌ಲಿಂಕ್ ಉಪಗ್ರಹಗಳು ಮಣಿಸರದಂತೆ ಸಾಲಾಗಿ ಸಾಗುವ ನೋಟ ಸೇರಿಕೊಂಡು ಜನರ ವರದಿಗಳು ಇನ್ನೂ ಹೆಚ್ಚಿವೆ. ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲೆ ಆಕಾಶದ ರಕ್ಷಿತ ತಾಣವೆಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರಿಗೆ ದೂರದರ್ಶಕ ಕೊಟ್ಟು ಗ್ರಹ ನಕ್ಷತ್ರಗಳನ್ನು ತೋರಿಸುವ ತರಬೇತಿಯನ್ನೂ ಕೊಡಲಾಗಿದೆ. ಗಡಿ ಠಾಣೆಗಳಿಗೆ ಹೊಸದಾಗಿ ಬರುವ ಯೋಧರಿಗೂ ಅಂಥದೊಂದು ರಾತ್ರಿಯ ಪಾಠ ಸಿಗಬೇಕು.

ಶುಕ್ರ ಬೆಳಗಿನ ಆಕಾಶದಿಂದ ಸಂಜೆಯ ಆಕಾಶಕ್ಕೆ ಹೋಗಿ ಮರಳುವ ಐದು ಚಕ್ರಗಳು ಎಂಟು ವರ್ಷಕ್ಕೆ ಹೆಚ್ಚುಕಡಿಮೆ ಸರಿಹೊಂದುವುದರಿಂದ, ಪ್ರತಿ ಎಂಟು ವರ್ಷಕ್ಕೊಮ್ಮೆ ಶುಕ್ರ ಅದೇ ತಿಂಗಳಲ್ಲಿ ಆಕಾಶದ ಅದೇ ಜಾಗಕ್ಕೆ ಬರುತ್ತದೆ. 2020ರ ಆಗಸ್ಟ್ ಕೊನೆಯಲ್ಲಿ ಭಾರತೀಯ ಪಡೆಗಳು ಪ್ಯಾಂಗಾಂಗ್‌ನ ದಕ್ಷಿಣ ದಂಡೆಯ ಎತ್ತರಗಳನ್ನು ಹಿಡಿದ ರಾತ್ರಿಯೂ ಬೆಳಗಿನ ಜಾವ ಅದು 2012ರಂತೆಯೇ ಪೂರ್ವದಲ್ಲಿ ಮೂಡಿತ್ತು. ಮತ್ತೆ ಹಾಗೆ ಮೂಡುವುದು 2028ರ ಆಗಸ್ಟ್‌ನಲ್ಲಿ.